ಬಿಯೆನ್ ಗಿಟಾರಿನ ಐದನೆಯ ಗುಳಿ

ನನ್ನ ತಂಗಿ ದಿಯೆಪ್‌ಳ ಗಂಡ ಥಿನ್ ದೋಣಿ ಕಟ್ಟುವ ಬಡಗಿ. ನಮ್ಮ ಕಾಲುವೆಯಲ್ಲಿ ಅಕ್ಕಿ, ತೆಂಗು, ಅನಾನಸು ಹೊತ್ತು ಸಾಗುವ ದೋಣಿಗಳಲ್ಲಿ ಅವನ ಕೈ ತಾಗದ ದೋಣಿ ಕಡಿಮೆ. ಆದರೆ ದೂರದ ಊರುಗಳಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದವರು ದೋಣಿಗಾಗಿ ಬರುತ್ತಿರಲಿಲ್ಲ. ಹೆಗಲಿಗೆ ಗಿಟಾರ್ ನೇತುಹಾಕಿಕೊಂಡು ಬರುತ್ತಿದ್ದರು.

ಮೆಕಾಂಗ್ ಕವಲೊಡೆಯುವ ಈ ದಕ್ಷಿಣದ ಸೀಮೆಯಲ್ಲಿ ಗಿಟಾರನ್ನು ಅಂಗಡಿಯಿಂದ ತಂದ ಹಾಗೆಯೇ ಯಾರೂ ನುಡಿಸುವುದಿಲ್ಲ. ದಂಡಿಯ ಮೇಲೆ ಮೆಟ್ಟು ಮೆಟ್ಟುಗಳ ನಡುವಿನ ಮರವನ್ನು ಗುಳಿಯಾಗಿ ತೋಡಿಸಿ, ಆಮೇಲೆ ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಗುಳಿಯಿದ್ದರೆ ತಂತಿಯನ್ನು ಕೆಳಕ್ಕೆ ಒತ್ತಬಹುದು. ಒತ್ತಿದಷ್ಟೂ ಸ್ವರ ಏರುತ್ತದೆ, ಬಿಟ್ಟರೆ ನಡುಗುತ್ತ ಇಳಿಯುತ್ತದೆ. ನಮ್ಮ ವೊಂಗ್ ಕೊ ಹಾಡು ಅಳುವ ಹಾಡು. ಅಳುವವರ ದನಿ ಎಲ್ಲಿಯೂ ನೆಟ್ಟಗೆ ನಿಲ್ಲುವುದಿಲ್ಲವಲ್ಲ, ಗುಳಿಯಿಲ್ಲದ ಗಿಟಾರಿಗೆ ಆ ದನಿ ಬಾರದು.

ಥಿನ್ ಹದಿಹರೆಯದಲ್ಲಿಯೇ ನಮ್ಮ ಊರಿನ ಗುರುಗಳ ಬಳಿ ಗಿಟಾರ್ ಕಲಿತವನು. ನುಡಿಸುವುದರಲ್ಲಿ ಅವನು ಸಾಧಾರಣ. ಗುರುಗಳು ಅದನ್ನು ಮುಚ್ಚಿಟ್ಟಿರಲಿಲ್ಲ. ‘ನಿನ್ನ ಕಿವಿ ದೊಡ್ಡದು, ಬೆರಳು ಸಣ್ಣದು’ ಎಂದಿದ್ದರಂತೆ. ಅವನ ಜೊತೆಯಲ್ಲಿಯೇ ಕಲಿತ ಬಿಯೆನ್‌ಗೆ ಮಾತ್ರ ಬೆರಳು, ಕಿವಿ ಎರಡನ್ನೂ ದೇವರು ಕೊಟ್ಟಿದ್ದ. ಬಿಯೆನ್ ತೆಂಗಿನಕಾಯಿ ದೋಣಿಯ ವ್ಯಾಪಾರಿ. ಮಾತು ಕಡಿಮೆ. ಯಾರ ಮನೆಯ ತಿಥಿಯೂಟವಾದರೂ ಬಿಯೆನ್ ಬಂದು ಮೂಲೆಯಲ್ಲಿ ಕುಳಿತು ಆ ನಡುಗುವ ಸ್ವರವನ್ನು ಒತ್ತಿದರೆ, ಅಡಿಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದ ಹೆಂಗಸರ ಕೈ ನಿಲ್ಲುತ್ತಿತ್ತು. ನಾನೇ ಎಷ್ಟೋ ಸಲ ಬಾಣಲೆಯಲ್ಲಿ ಬಾಳೆಹಣ್ಣಿನ ಬೋಂಡ ಸೀಯಿಸಿದ್ದೇನೆ.

ಬೆರಳು ಸಣ್ಣದೆಂದ ಮೇಲೆ ಥಿನ್ ಕಿವಿಯನ್ನೇ ನಂಬಿ ಬದುಕಿದ. ಅರ, ಒಡೆದ ಗಾಜಿನ ಚೂರು, ಉಜ್ಜುವ ಕಾಗದ, ಇಷ್ಟೇ ಅವನ ಹತ್ಯಾರು. ಗುಳಿ ತೋಡುವುದರಲ್ಲಿ ಅವನ ಸಮಕ್ಕೆ ಇದ್ದವನು ಸಾ ದೆಕ್ ಊರಿನ ಒಬ್ಬ ಬಡಗಿ ಮಾತ್ರ. ಆ ಬಡಗಿ ದಂಡಿಯ ಮೇಲೆ ಮೊದಲು ಇನ್ನೊಂದು ದಪ್ಪ ಹಲಗೆ ಅಂಟಿಸಿ, ಆ ಹಲಗೆಯಲ್ಲಿ ತೋಡುತ್ತಿದ್ದ. ಥಿನ್ ಅದನ್ನು ಹೇಡಿಯ ಕೆಲಸ ಎನ್ನುತ್ತಿದ್ದ. ‘ಮರದ ಮೇಲೆ ಮರ ಹೇರಿದರೆ ತಂತಿಯ ನಡುಕ ಒಳಗಿನ ಮರಕ್ಕೆ ಇಳಿಯೋದಿಲ್ಲ. ಧೈರ್ಯ ಇದ್ದವನು ಇರೋ ಮರದಲ್ಲೇ ತೋಡಬೇಕು’ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಭಾನುವಾರ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲಿನ ಮಾನ್‌ಳ ಕಾಫಿ ಅಂಗಡಿಯಲ್ಲಿ ಗಿಟಾರುಗಳನ್ನು ಹೋಲಿಸುವ ಪದ್ಧತಿ. ಅಂಗಡಿಯ ಪಕ್ಕದಲ್ಲಿಯೇ ನಾನು ಬೋಂಡ ಕರಿದು ಮಾರುವ ಬಾಣಲೆ. ಒಂದು ಸ್ಪೀಕರ್ ಪೆಟ್ಟಿಗೆ, ಎರಡು ಗಿಟಾರು, ಒಂದೇ ಹಾಡಿನ ಮೊದಲ ಸಾಲು. ತಂತಿಯ ನಡುಕವನ್ನು ಹಿಡಿದು ಆ ಪೆಟ್ಟಿಗೆಗೆ ಕಳಿಸುವುದು ತಂತಿಗಳ ಕೆಳಗೆ ಕೂರಿಸಿದ ಪಿಕಪ್, ಮ್ಯಾಗ್ನೆಟ್ಟಿನ ಸುತ್ತ ತಾಮ್ರದ ತಂತಿಯ ಸುರುಳಿ. ಕೇಳುವವರೆಲ್ಲ ನುಡಿಸುವವನಿಗೆ ಬೆನ್ನು ಹಾಕಿ ಕಾಲುವೆಯ ಕಡೆ ಮುಖ ಮಾಡಿ ಕೂರಬೇಕು. ಕಣ್ಣು ಕಂಡರೆ ಕಿವಿ ಕೆಡುತ್ತದೆ ಎಂದು ಗುರುಗಳು ಹಾಕಿಕೊಟ್ಟ ಕ್ರಮ. ಜಪಾನಿನ ಹೊಳೆಯುವ ಗಿಟಾರು ಕಂಡರೆ ಅದರ ಸ್ವರವೂ ಹೊಳೆದ ಹಾಗೆ ಕೇಳುತ್ತದಂತೆ.

‘ಇದು ಜೋಡಿ ಸುರುಳಿಯ ಪಿಕಪ್’ ಎಂದು ಥಿನ್ ಬೆನ್ನು ತಿರುಗಿಸಿ ಕುಳಿತೇ ಹೇಳುತ್ತಿದ್ದ. ‘ದನಿ ದಪ್ಪ. ಒತ್ತಿದ ಸ್ವರ ಉರುಳಿಕೊಂಡು ಬರ್ತದೆ, ಅಂಚು ಗೊತ್ತಾಗೋದಿಲ್ಲ. ಮೊದಲನೇದು ಒಂಟಿ ಸುರುಳಿ. ತೆಳುವು, ಆದರೆ ಅಳೋ ದನಿ ಅದರಲ್ಲೇ ಇರೋದು.’

‘ಸೇತುವೆ ಹತ್ರದ್ದೋ ದಂಡಿ ಹತ್ರದ್ದೋ, ಅದನ್ನೂ ಹೇಳು ನೋಡೋಣ’ ಎನ್ನುತ್ತಿದ್ದ ಕ್ಷೌರಿಕ ಕಿಯೆಂಗ್. ತಂತಿಗಳ ಬುಡ ಕೂರುವ ಪಟ್ಟಿಗೆ ನಮ್ಮಲ್ಲಿ ಸೇತುವೆ ಎನ್ನುತ್ತಾರೆ.

‘ಸೇತುವೆ ಹತ್ರದ್ದು ನಿಂಬೆಹುಳಿ. ದಂಡಿ ಹತ್ರದ್ದು ತೆಂಗಿನಹಾಲು. ಈಗ ಕೇಳಿದ್ದು ಹಾಲು. ನಿನ್ನ ತಲೆಗೆ ಇಷ್ಟೂ ಗೊತ್ತಾಗದಿದ್ರೆ ಬೇರೆಯವರ ತಲೆ ಹೇಗೆ ಕೆರೀತೀಯೋ?’

‘ತಲೆ ಕೆರೆಯೋದಕ್ಕೆ ಕಿವಿ ಬೇಡ ಮಾರಾಯ, ಕಿವಿ ಕೊಯ್ಯದೇ ಇದ್ರೆ ಸಾಕು.’

ಹೀಗೆ ನಗುತ್ತ ಕೂರುತ್ತಿದ್ದರು. ಥಿನ್ ಹೇಳಿದ್ದೇ ತೀರ್ಪು. ಯಾವ ಪಿಕಪ್ ತೆಗೆಯಬೇಕು, ಯಾವುದನ್ನು ಹಾಕಬೇಕು, ಗುಳಿ ಎಷ್ಟು ಆಳವಿರಬೇಕು, ಅವನು ಹೇಳಿದ ಮೇಲೆ ಇನ್ನೊಬ್ಬ ಬಾಯಿ ತೆರೆಯುತ್ತಿರಲಿಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬನ ಬೆರಳಿಗೆಂದು ತೋಡಿದ ಗುಳಿಯನ್ನು ಅವನೂ ತೋಡಿದವನೂ ಅಲ್ಲದೆ ಮೂರನೆಯವರು ಒತ್ತಬಾರದು. ಮೂರನೆಯ ಬೆರಳು ಬಿದ್ದರೆ ಗಿಟಾರು ಯಜಮಾನನನ್ನು ಮರೆಯುತ್ತದೆ ಎಂದು ನಂಬಿಕೆ.

ಬಿಯೆನ್‌ಗೆ ಒಂದು ಜಪಾನಿನ ಹಳೆಯ ಗಿಟಾರು ಇತ್ತು. ಅವನ ಅಣ್ಣ ಕ್ವೊಯ್ ಸೈಗಾನ್‌ನ ಸಂತೆಯಿಂದ ತಂದುಕೊಟ್ಟದ್ದು. ತಂದಾಗ ಅದರ ಪಿಕಪ್ ಸತ್ತಿತ್ತು. ಕ್ವೊಯ್ ರೇಡಿಯೊ ರಿಪೇರಿ ಮಾಡುವವನು. ಕೂದಲಿನಂಥ ತಾಮ್ರದ ತಂತಿಯನ್ನು ಕೈಯಲ್ಲಿಯೇ ಸುತ್ತಿ, ಸುತ್ತಿ, ಹೊಸ ಸುರುಳಿ ಮಾಡಿ ಕೂರಿಸಿಕೊಟ್ಟಿದ್ದ. ಅದಾದ ಕೆಲವೇ ತಿಂಗಳಲ್ಲಿ ಜ್ವರದಲ್ಲಿ ಹೋಗಿಬಿಟ್ಟ. ಬಿಯೆನ್ ಆ ಗಿಟಾರನ್ನು ತುಂಬ ದಿನ ಮುಟ್ಟಲಿಲ್ಲ. ಕೊನೆಗೊಂದು ದಿನ ಬಟ್ಟೆಯಲ್ಲಿ ಸುತ್ತಿ ಥಿನ್ ಬಳಿ ತಂದ.

‘ತೋಡಿಕೊಡಣ್ಣ. ಸಾಧಾರಣ ಆಳ ಸಾಕು’ ಎಂದ.

ಮುಂದಿನದು ನನಗೆ ಆಗ ಗೊತ್ತಿರಲಿಲ್ಲ. ಬಹಳ ಕಾಲದ ನಂತರ ಥಿನ್ ತಾನಾಗಿಯೇ ಹೇಳಿದ್ದು. ನಾನು ಕೇಳಿರಲಿಲ್ಲ. ಬೋಂಡಕ್ಕೆ ಹಿಟ್ಟು ಕಲಸುತ್ತ ಸುಮ್ಮನೆ ಕುಳಿತಿದ್ದೆ, ಅವನು ಹೇಳುತ್ತ ಹೋದ.

ಸಾಧಾರಣ ಆಳದಲ್ಲಿ ನಿಲ್ಲಿಸಲು ಅವನಿಗೆ ಮನಸ್ಸಾಗಲಿಲ್ಲ. ಬಿಯೆನ್‌ನ ಬೆರಳು, ಕ್ವೊಯ್ ಸುತ್ತಿದ ಸುರುಳಿ, ತನ್ನ ಗುಳಿ, ಮೂರೂ ಸೇರಿದರೆ ಈ ಸೀಮೆಯಲ್ಲಿ ಅಂಥ ಗಿಟಾರು ಇನ್ನೊಂದಿರಬಾರದು ಎನ್ನಿಸಿತಂತೆ. ಸಾ ದೆಕ್‌ನವನು ಅದನ್ನು ಕೇಳಿ ತಲೆ ತಗ್ಗಿಸಬೇಕು ಎಂದೂ ಅನ್ನಿಸಿತಂತೆ. ನಾವು ಕಟ್ಟುವ ಗಿಟಾರುಗಳ ದಂಡಿಯೊಳಗೆ ಏನೂ ಇರುವುದಿಲ್ಲ, ಬರೀ ಮರ. ಆದರೆ ಜಪಾನಿನ ದಂಡಿಯೊಳಗೆ ಅದು ಬಾಗದಿರಲೆಂದು ಒಂದು ಉಕ್ಕಿನ ಸರಳು ಇರುತ್ತದೆ. ಥಿನ್‌ಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಇನ್ನೊಂದು ಕೂದಲೆಳೆ, ಇನ್ನೊಂದು ಕೂದಲೆಳೆ ಎಂದು ಐದನೆಯ ಗುಳಿಯಲ್ಲಿ ಅರ ಎಳೆಯುತ್ತಿದ್ದಾಗ ಮರದ ಸದ್ದು ನಿಂತು ಲೋಹದ ಸದ್ದು ಬಂತು.

ಗುಳಿಯ ತಳದಲ್ಲಿ ಅಕ್ಕಿಕಾಳಿನಷ್ಟು ಉಕ್ಕು ಹೊಳೆಯುತ್ತಿತ್ತು.

ಅವನು ಮರದ ಹುಡಿಗೆ ಅಂಟು ಕಲಸಿ ಆ ತೂತು ಮುಚ್ಚಿದ. ಒಣಗಿದ ಮೇಲೆ ಗಾಜಿನಿಂದ ಹೆರೆದು, ಕಾಫಿ ಗಸಿಯ ಬಣ್ಣ ಹಚ್ಚಿ, ಮೇಲೆ ಮೆರುಗೆಣ್ಣೆ ಬಳಿದ. ನೋಡಿದವರಿಗೆ ಮರ ಯಾವುದು, ತೇಪೆ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ. ಬಿಯೆನ್ ಬಂದು ತೆಗೆದುಕೊಂಡು ಹೋಗುವಾಗ, ‘ಹೇಗೆ ಆಗಿದೆ?’ ಎಂದು ಕೂಡ ಕೇಳಲಿಲ್ಲವಂತೆ. ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುಟ್ಟಿಸಿಕೊಂಡು ಹೋದನಂತೆ.

ಮುಂದಿನ ಭಾನುವಾರ ಬಿಯೆನ್ ಗಿಟಾರನ್ನು ಅಂಗಡಿಗೆ ತಂದ. ಎಲ್ಲರೂ ಬೆನ್ನು ಹಾಕಿ ಕುಳಿತರು. ಮೊದಲ ಸಾಲು ಚೆನ್ನಾಗಿಯೇ ಬಂತು. ನಡುಗಬೇಕಾದ ಸ್ವರಕ್ಕೆ ಬಂದಾಗ ಅದು ಏರಿದ್ದೇನೋ ಏರಿತು, ಆಮೇಲೆ ನೀರಿನಲ್ಲಿ ನೆನೆದ ಹಗ್ಗದ ಹಾಗೆ ಜೋತುಬಿತ್ತು. ಬಾಣಲೆಯ ಮುಂದಿದ್ದ ನನಗೂ ಕೇಳಿಸಿತು.

‘ಅಲ್ಲೊಂದು ಸ್ವರ ನಿಲ್ಲೋದಿಲ್ಲಣ್ಣ’ ಎಂದ ಬಿಯೆನ್. ‘ನಾನೇ ಸರಿ ಒತ್ತುತಾ ಇಲ್ಲವೋ ಏನೋ.’

ಥಿನ್‌ಗೆ ಕೇಳಿದ ಕೂಡಲೇ ತಿಳಿದಿತ್ತು. ಆ ಗುಳಿಯಲ್ಲಿ ಮರ ತೆಳುವಾಗಿ ಬಲ ಹೋಗಿದೆ, ಬೆರಳು ಒತ್ತಿದಾಗ ತಂತಿಯ ಜೊತೆಗೆ ದಂಡಿಯೂ ಬಗ್ಗುತ್ತಿದೆ. ಅದಕ್ಕೇ ಸ್ವರ ಇಳಿಯುತ್ತದೆ. ಎಲ್ಲರೂ ಅವನ ತೀರ್ಪಿಗೆ ಕಾಯುತ್ತಿದ್ದರು. ಆ ಕ್ಷಣದಲ್ಲಿ ಹೇಳಿದ್ದರೆ ಒಂದು ಮರದ ತುಂಡಿನ ಮಾತಾಗಿ ಮುಗಿಯುತ್ತಿತ್ತು.

‘ಪಿಕಪ್ಪಿನದು’ ಎಂದ ಅವನು.

‘ಪಿಕಪ್ಪಿನದಾ?’

‘ಮ್ಯಾಗ್ನೆಟ್ ಹಳೇದು. ಹಳೆ ಮ್ಯಾಗ್ನೆಟ್ ತಂತೀನ ಒಂದೊಂದು ಕಡೆ ಜಾಸ್ತಿ ಎಳೀತದೆ. ನಡುಗೋ ತಂತೀನ ಹಿಡಿದುಕೊಂಡುಬಿಡ್ತದೆ. ಬದಲಾಯಿಸು.’

ಬಿಯೆನ್ ಪಿಕಪ್ಪಿನ ಮೇಲೆ ಬೆರಳಿಟ್ಟ. ‘ಅದು ಅಣ್ಣ ಸುತ್ತಿದ್ದು’ ಎಂದ.

‘ನಿಮ್ಮಣ್ಣನ ಕೈ ಒಳ್ಳೇದೇ. ಆದರೆ ಮ್ಯಾಗ್ನೆಟ್ ಅವನು ಮಾಡಿದ್ದಲ್ಲವಲ್ಲ. ಅದು ಸತ್ತಿದೆ.’

ಥಿನ್ ಹೇಳಿದ ಮೇಲೆ ಸತ್ತಿತು. ಕಿಯೆಂಗ್ ಕೂಡ, ‘ನನಗೂ ಹಾಗೇ ಅನ್ನಿಸ್ತು, ಏನೋ ಎಳೀತಿದೆ’ ಎಂದ. ಎರಡು ವಾರದಲ್ಲಿ ಬಿಯೆನ್ ಹೊಸ ಪಿಕಪ್ ತರಿಸಿ ಹಾಕಿಸಿಕೊಂಡ. ಹಳೆಯದನ್ನು ಕಿಟಕಿಯ ಮೇಲೆ ಇಟ್ಟಿದ್ದನಂತೆ. ಹಳೇ ಕಬ್ಬಿಣ, ಬಾಟಲಿ ಕೊಳ್ಳುವ ದೋಣಿ ಗಂಟೆ ಬಾರಿಸಿಕೊಂಡು ಬಂದಾಗ ಅವನ ಮೊಮ್ಮಗಳು ಅದನ್ನು ಕೊಟ್ಟು ಎಳೆಮಿಠಾಯಿ ತಿಂದಳು. ಬಿಯೆನ್ ಮಗುವನ್ನು ಬೈಯಲಿಲ್ಲ. ಸತ್ತದ್ದು ತಾನೇ ಎಂದನಂತೆ.

ಹೊಸ ಪಿಕಪ್ಪಿನ ಗಿಟಾರು ಅಂಗಡಿಗೆ ಬಂದ ದಿನ ನಾನು ಎದುರಿಗೇ ಇದ್ದೆ. ಬಿಯೆನ್ ನುಡಿಸಿದ. ದನಿ ಮೊದಲಿಗಿಂತ ಗಟ್ಟಿ, ಚೊಕ್ಕ. ಆದ್ದರಿಂದ ಆ ಸ್ವರ ಜೋತುಬಿದ್ದದ್ದೂ ಮೊದಲಿಗಿಂತ ಚೊಕ್ಕವಾಗಿ ಕೇಳಿಸಿತು.

‘ನೀನೊಂದು ಸಲ ನುಡಿಸಿ ನೋಡಣ್ಣ’ ಎಂದು ಬಿಯೆನ್ ಗಿಟಾರನ್ನು ಥಿನ್ ಕೈಗಿಟ್ಟು ತಾನೂ ಕಾಲುವೆಯ ಕಡೆ ತಿರುಗಿ ಕುಳಿತ.

ಥಿನ್ ನುಡಿಸಿದ. ಅದೇ ಸಾಲು. ಸ್ವರ ಏರಿತು, ನಿಂತಿತು, ನಡುಗಿತು, ಹದವಾಗಿ ಇಳಿಯಿತು. ಬೆನ್ನು ಹಾಕಿ ಕುಳಿತಿದ್ದವರೆಲ್ಲ ತಲೆದೂಗಿದರು. ನನ್ನ ಕಡೆ ಒಬ್ಬನದೇ ಮುಖ ಇತ್ತು, ಥಿನ್‌ದು. ಅವನು ಒಮ್ಮೆ ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದ. ಸಂಗೀತ ತಿಳಿಯದ ನಾನು ಅವನಿಗೆ ಸೆಕೆಯಾಗಿರಬೇಕು ಎಂದುಕೊಂಡು ಒಂದು ಲೋಟ ತಣ್ಣನೆಯ ಚಹಾ ಕಳಿಸಿದೆ. ಅವನು ಮಾಡಿದ್ದು ಇಷ್ಟು. ಆ ಸ್ವರ ಬಂದಾಗ ಐದನೆಯ ಗುಳಿಗೆ ಬೆರಳು ಹಾಕದೆ, ಪಕ್ಕದ ತಂತಿಯಲ್ಲಿ ಮೇಲಿನ ಗುಳಿಯಿಂದ ಅದೇ ಸ್ವರವನ್ನು ತೆಗೆದುಬಿಟ್ಟ. ನೋಡಿದ್ದರೆ ಬಿಯೆನ್‌ಗೆ ಗೊತ್ತಾಗುತ್ತಿತ್ತು. ನೋಡಬಾರದು ಎಂಬುದು ಕ್ರಮ.

‘ಪಿಕಪ್ ಚೆನ್ನಾಗಿದೆ’ ಎಂದ ಕಿಯೆಂಗ್.

‘ಗಿಟಾರೂ ಚೆನ್ನಾಗಿದೆ’ ಎಂದ ಬಿಯೆನ್. ತನ್ನ ಎಡಗೈಯನ್ನು ಮುಂದೆ ಹಿಡಿದು ಬೆರಳು ಮಡಿಸಿ, ಬಿಡಿಸಿ ನೋಡಿಕೊಂಡ. ‘ಹಾಗಾದರೆ ಕೈಯೇ.’

‘ವಯಸ್ಸಾಯ್ತಲ್ಲಪ್ಪ, ತೆಂಗಿನಕಾಯಿ ಎತ್ತಿ ಎತ್ತಿ’ ಎಂದು ಯಾರೋ ಸಮಾಧಾನ ಹೇಳಿದರು. ಥಿನ್ ಚಹಾ ಕುಡಿದ.

ಆಮೇಲೆ ಬಿಯೆನ್ ಅಂಗಡಿಗೆ ಬರುವುದು ನಿಂತಿತು. ಸೂಜಿ ಚುಚ್ಚಿಸಿಕೊಂಡ, ಮುಲಾಮು ತಿಕ್ಕಿಸಿಕೊಂಡ. ತಿಥಿಯೂಟಗಳಿಗೆ ಕರೆದರೆ ಉಂಡು, ಗಿಟಾರಿನ ಕಡೆ ನೋಡದೆ ಎದ್ದು ಹೋಗುತ್ತಿದ್ದ. ದಿಯೆಪ್ ಒಂದು ದಿನ ನನ್ನ ಬಳಿ ಬಂದು ಹೇಳಿದಳು, ‘ಅಕ್ಕ, ಇವರು ಬಿಯೆನ್ ಮನೆಗೆ ಹೋಗಿ ಬರ್ತೀನಿ ಅಂತ ಹೊರಡ್ತಾರೆ. ಹೋಗಿ ಬಂದ ಮೇಲೆ ಊಟ ಮಾಡೋದಿಲ್ಲ. ಏನಾಯ್ತು ಅಂತ ಕೇಳಿದ್ರೆ ಹರಿಹಾಯ್ತಾರೆ.’

ಅವನು ಹೋಗುತ್ತಿದ್ದದ್ದು ನಿಜ. ಹೇಳಲೆಂದೇ ಹೋಗುತ್ತಿದ್ದ. ಬಾಗಿಲಲ್ಲಿ ಬಿಯೆನ್‌ನ ಹೆಂಡತಿ, ‘ಥಿನ್ ಅಣ್ಣ ಒಬ್ಬರೇ ಮರೀದೆ ಬರೋರು’ ಎನ್ನುವಳು. ಒಳಗೆ ಬಿಯೆನ್ ಎಳನೀರು ಕೆತ್ತಿ ಕೊಡುವನು. ಬಾಯಿಗೆ ಬಂದ ಮಾತು ಎಳನೀರಿನ ಜೊತೆ ಒಳಗೆ ಹೋಗುತ್ತಿತ್ತು. ಹೊರಡುವಾಗ ಅವನ ಕೈಯಲ್ಲಿ ಒಂದು ಗೊನೆ ತೆಂಗಿನಕಾಯಿ. ತಾನು ಮೋಸ ಮಾಡಿದವನ ಮನೆಯ ಕಾಯಿಯಲ್ಲಿ ತನ್ನ ಮನೆಯ ಅಡಿಗೆಯಾಗುವುದನ್ನು ನೋಡಿ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಇದನ್ನು ಹೇಳುವಾಗ ಥಿನ್ ನನ್ನ ಮುಖ ನೋಡದೆ ಬಾಣಲೆಯ ಕಡೆ ನೋಡುತ್ತಿದ್ದ.

ಚಾಂದ್ರಮಾನದ ಎಂಟನೆಯ ತಿಂಗಳಲ್ಲಿ ನಮ್ಮ ಹಾಡುವ ನುಡಿಸುವ ಜನರ ಮೂಲಗುರುವಿನ ತಿಥಿ ಬರುತ್ತದೆ. ಈ ವಿದ್ಯೆಯನ್ನು ಮೊದಲು ಕೊಟ್ಟವನು ಆ ಮೂಲಗುರು. ಅವನಿಗೆ ಹೆಸರಿಲ್ಲ, ಪಟವಿಲ್ಲ. ಕೆಂಪು ಬಟ್ಟೆ ಹಾಸಿದ ಪೀಠ, ಊದುಬತ್ತಿ, ಹಣ್ಣು, ಹುರಿದ ಹಂದಿ. ಅವನೆದುರು ಅಹಂಕಾರ ಮಾಡಿದವನ, ಸುಳ್ಳಾಡಿದವನ ವಿದ್ಯೆಯನ್ನು ಅವನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ನಮ್ಮವರು ನಂಬುತ್ತಾರೆ. ಹಾಡುವವಳ ಗಂಟಲು ಹೋಗುತ್ತದೆ, ನುಡಿಸುವವನ ಕೈ ಹೋಗುತ್ತದೆ. ಮೂಲಗುರುವಿನ ಪೆಟ್ಟು ಎನ್ನುತ್ತಾರೆ.

ನಮ್ಮ ಊರಲ್ಲಿ ಈ ತಿಥಿ ನಡೆಯುವುದು ತೀರಿಹೋದ ಗುರುಗಳ ಮನೆಯಲ್ಲಿ. ಗುರುಪತ್ನಿಗೆ ತುಂಬ ವಯಸ್ಸಾಗಿದೆ, ಆದರೂ ಪೀಠದ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತೇ ಇರುತ್ತಾರೆ. ನಾನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ಹೊತ್ತುಕೊಂಡು ಬೆಳಿಗ್ಗೆಯೇ ಹೋಗಿದ್ದೆ. ಆ ದಿನ ನನಗೆ ಉಪವಾಸ. ಮಾಂಸ ಬಡಿಸುವ ಕಡೆ ನಿಲ್ಲದೆ ಪೀಠದ ಬಳಿ ಹಣ್ಣು ಜೋಡಿಸುತ್ತಿದ್ದೆ. ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ಕಂಡೆ.

ಒಬ್ಬೊಬ್ಬರೇ ಬಂದು ಊದುಬತ್ತಿ ಹಚ್ಚಿ ಒಂದೊಂದು ಸಾಲು ನುಡಿಸಿ ಹೋಗುತ್ತಿದ್ದರು. ಬಿಯೆನ್ ಸರದಿ ಬಂತು. ಬಟ್ಟೆಯಿಂದ ಗಿಟಾರು ತೆಗೆದ. ನುಡಿಸಲಿಲ್ಲ. ಪೀಠದ ಕೆಳಗೆ ಅದನ್ನು ಮಲಗಿಸಿ ಮೊಣಕಾಲೂರಿದ.

‘ಅಪ್ಪಾ, ಗೊತ್ತಿದ್ದು ನಾನೇನೂ ಮಾಡಿಲ್ಲ’ ಎಂದ. ಅವನ ದನಿ ಯಾವಾಗಲೂ ಸಣ್ಣದು, ಆದರೆ ಆಗ ಮನೆಯಲ್ಲಿ ಎಲ್ಲರೂ ಸುಮ್ಮನಾಗಿದ್ದರು. ‘ಗೊತ್ತಿಲ್ಲದೆ ಮಾಡಿರಬೇಕು. ಅಣ್ಣ ಸುತ್ತಿಕೊಟ್ಟ ಸುರುಳೀನ ಬಿಸಾಕಿದೆ, ಅದೇ ತಪ್ಪೋ ಏನೋ. ಕ್ಷಮಿಸು. ಕೈ ವಾಪಸು ಕೊಡು ಅಂತ ಕೇಳೋದಿಲ್ಲ. ನೀನು ಕೊಟ್ಟಿದ್ದು, ನೀನು ತಗೊಂಡಿದ್ದೀಯ. ಗಿಟಾರೂ ಇಲ್ಲೇ ಇರಲಿ.’

ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದ. ಗುರುಪತ್ನಿ ಕಣ್ಣೊರೆಸಿಕೊಂಡರು. ವಿದ್ಯೆ ವಾಪಸು ಕೊಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೊಟ್ಟವನು ಮತ್ತೆ ಮುಟ್ಟುವ ಹಾಗಿಲ್ಲ ಎಂದು ಮಾತ್ರ ಕೇಳಿದ್ದೆ.

ಥಿನ್ ಗೋಡೆಗೆ ಒರಗಿ ನಿಂತಿದ್ದ. ಗುರುಪತ್ನಿ ಕೈ ಚಾಚಿ ಗಿಟಾರಿನ ಮೇಲೆ ಕೆಂಪು ಬಟ್ಟೆ ಹೊದಿಸಲು ಬಾಗಿದಾಗ ಅವನು ಮುಂದೆ ಬಂದ.

‘ಅಮ್ಮ, ಹೊದಿಸಬೇಡಿ. ಅವನ ಕೈಗೆ ಏನೂ ಆಗಿಲ್ಲ. ಗಿಟಾರು ಕೆಟ್ಟಿದೆ. ಕೆಡಿಸಿದವನು ನಾನು.’

ಎಲ್ಲರೂ ಅವನನ್ನು ನೋಡಿದರು. ಆಮೇಲೆ ನಡೆದದ್ದನ್ನು ಅವನು ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಯಾರೂ ಅವನ ಮಾತು ನಂಬಲಿಲ್ಲ.

‘ಎಂಥ ಗೆಳೆಯ ನೋಡಿ’ ಎಂದಳು ಕಾಫಿ ಅಂಗಡಿಯ ಮಾನ್. ‘ತಪ್ಪನ್ನ ತನ್ನ ಮೇಲೆ ಹಾಕ್ಕೋತಿದಾನೆ.’

‘ಬೇಡ ಥಿನ್ ಅಣ್ಣ’ ಎಂದು ಬಿಯೆನ್ ಎದ್ದು ನಿಂತು ಅವನ ತೋಳು ಹಿಡಿದ. ‘ನನಗೋಸ್ಕರ ಇಲ್ಲಿ ಸುಳ್ಳು ಹೇಳಬೇಡ. ನಿನ್ನ ಕೈಗೂ ಪೆಟ್ಟು ಬೀಳ್ತದೆ.’

‘ಸುಳ್ಳಲ್ಲ ಕಣೋ.’

‘ನಿನ್ನ ಕೈಯಲ್ಲಿ ಅದು ಚೆನ್ನಾಗೇ ನುಡೀತು, ಊರೆಲ್ಲ ಕೇಳಿದೆ’ ಎಂದ ಕಿಯೆಂಗ್. ‘ಸುಮ್ಮನಿರು ಮಾರಾಯ, ಮನಸ್ಸು ದೊಡ್ಡದು ಅಂತ ನಮಗೆಲ್ಲ ಗೊತ್ತು.’

ಗುರುಪತ್ನಿ ಥಿನ್‌ನ ತಲೆಯ ಮೇಲೆ ಕೈಯಿಟ್ಟು, ‘ಒಳ್ಳೇ ಮಗು’ ಎಂದರು.

ಆ ಮಾತು ಕೇಳಿ ಥಿನ್ ಮುಖ ಹೇಗಾಯಿತು ಎಂದು ಬರೆಯಲು ನನಗೆ ಬಾರದು. ಬೈಸಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದ. ಅವನು ಬಾಗಿ, ನಾನು ಹಣ್ಣು ಹೆಚ್ಚುತ್ತಿದ್ದ ಚಾಕುವನ್ನು ನನ್ನ ಕೈಯಿಂದಲೇ ತೆಗೆದುಕೊಂಡ. ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ ಐದನೆಯ ಗುಳಿಯನ್ನು ಹೆರೆಯತೊಡಗಿದ. ಮೆರುಗೆಣ್ಣೆ ಹೋಯಿತು, ಕಾಫಿಬಣ್ಣ ಹೋಯಿತು, ಒಣಗಿದ ಅಂಟು ಉಪ್ಪಿನ ಹರಳಿನ ಹಾಗೆ ಪುಡಿಪುಡಿಯಾಗಿ ಉದುರಿತು. ಆಮೇಲೆ ಚಾಕು ಲೋಹಕ್ಕೆ ತಾಗಿದ ಸದ್ದು.

ಅವನು ಗಿಟಾರನ್ನು ಬೆಳಕಿಗೆ ಹಿಡಿದು ಮೊದಲು ಬಿಯೆನ್‌ಗೆ ತೋರಿಸಿದ. ಆಮೇಲೆ ಕಿಯೆಂಗ್‌ಗೆ. ಆಮೇಲೆ ಒಬ್ಬೊಬ್ಬರಿಗೂ, ಭಿಕ್ಷೆಯ ಪಾತ್ರೆ ಹಿಡಿದವನ ಹಾಗೆ, ಮುಂದೆ ಹಿಡಿಯುತ್ತ ಹೋದ.

‘ಒತ್ತಿದ್ರೆ ದಂಡಿ ಬಗ್ತದೆ. ಅದಕ್ಕೇ ಸ್ವರ ಬೀಳ್ತದೆ. ಅವತ್ತು ನಾನು ನುಡಿಸಿದಾಗ ಈ ಗುಳಿ ಮುಟ್ಟಲಿಲ್ಲ. ಪಕ್ಕದ ತಂತೀಲಿ ತೆಗೆದೆ. ನೀವೆಲ್ಲ ಆ ಕಡೆ ತಿರುಗಿದ್ರಿ.’

ಮಾನ್ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಗುರುಪತ್ನಿ ಇಟ್ಟಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ದಿಯೆಪ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಒಳಗೆ ಹೋದಳು.

ಬಿಯೆನ್ ತನ್ನ ಕೈ ನೋಡಿಕೊಳ್ಳುತ್ತಿದ್ದ. ಬೆರಳು ಮಡಿಸಿದ, ಬಿಡಿಸಿದ.

‘ಹಾಗಾದರೆ ಕೈ ಇದೆ’ ಎಂದ.

‘ಇದೆ.’

‘ಪಿಕಪ್ಪೂ ಕೆಟ್ಟಿರಲಿಲ್ಲ.’

ಥಿನ್ ಗಿಟಾರನ್ನು ಪೀಠದ ಕೆಳಗೆ ಇಳಿಸಿದ.

‘ಅಣ್ಣ ಸುತ್ತಿದ್ದು ಕೆಟ್ಟಿರಲಿಲ್ಲ ಅಂತ ಹೇಳು’ ಎಂದ ಬಿಯೆನ್. ಕೂಗಲಿಲ್ಲ. ಮಗುವಿಗೆ ಪಾಠ ಹೇಳಿಸುವವರ ಹಾಗೆ ನಿಧಾನವಾಗಿ ಹೇಳಿದ.

‘ಕೆಟ್ಟಿರಲಿಲ್ಲ. ನಾನು ಕೇಳಿದ ಪಿಕಪ್‌ಗಳಲ್ಲಿ ಅಷ್ಟು ಒಳ್ಳೇದು ಇನ್ನೊಂದಿಲ್ಲ.’

ಬಿಯೆನ್ ತಲೆಯಾಡಿಸಿದ. ಗುರುಪತ್ನಿಯ ಬಳಿ ಹೋಗಿ, ‘ಅಮ್ಮ, ಗುರುಗಳ ಗಿಟಾರು ಕೊಡ್ತೀರಾ?’ ಎಂದು ಕೇಳಿದ. ಗೋಡೆಯ ಮೇಲಿದ್ದ ಆ ಹಳೆಯ ಗಿಟಾರಿಗೆ ಪಿಕಪ್ಪೂ ಇಲ್ಲ, ಏನೂ ಇಲ್ಲ. ಗುರುಗಳು ಹೋದಮೇಲೆ ಯಾರೂ ಅದನ್ನು ಒತ್ತಿರಲಿಲ್ಲ. ಕಟ್ಟಳೆ ನೆನಪಿದ್ದೂ ಅಮ್ಮ ಹೂಂ ಎಂದರು. ಬಿಯೆನ್ ಶ್ರುತಿ ಮಾಡಿ ನುಡಿಸಿದ. ಅಷ್ಟು ತಿಂಗಳು ಬಿಟ್ಟಿದ್ದ ಕೈ ಮೊದಮೊದಲು ತಡವರಿಸಿತು, ಆಮೇಲೆ ದಾರಿ ಹಿಡಿಯಿತು. ಆ ಸ್ವರ ಜೋತುಬೀಳದೆ ನಡುಗಿ ನಿಂತಾಗ ನಾನು ಕಣ್ಣು ಮುಚ್ಚಿ ಕೈಮುಗಿದೆ. ಮತ್ತೆ ಕಣ್ಣು ಬಿಟ್ಟಾಗ ಥಿನ್ ಅಲ್ಲಿರಲಿಲ್ಲ. ಪೀಠದ ಮುಂದೆ ಉದುರಿದ್ದ ಅಂಟಿನ ಪುಡಿಯನ್ನು ಗುಡಿಸಿ ತೆಗೆಯಬೇಕೋ ಬೇಡವೋ ತಿಳಿಯದೆ ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಕೊನೆಗೆ ಗುಡಿಸಿದೆ.

ಅದಾದ ಮೇಲೆ ಥಿನ್ ಭಾನುವಾರದ ಅಂಗಡಿಗೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಬೈಗುಳವೂ ಬರಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು ಎಂದು ದಿಯೆಪ್ ಅತ್ತಳು. ಅವನಿಂದ ತೋಡಿಸಿಕೊಂಡು ಹೋಗಿದ್ದ ಕೆಲವರು ತಮ್ಮ ಗಿಟಾರುಗಳ ಗುಳಿಗಳನ್ನು ಬಿಸಿಲಿಗೆ ಹಿಡಿದು ಉಗುರಿನಿಂದ ಕೆರೆದು ನೋಡುತ್ತಿದ್ದರು ಎಂದು ಕಿಯೆಂಗ್ ಅಂಗಡಿಯಲ್ಲಿ ಹೇಳಿದ. ನಗಲಿಲ್ಲ. ಥಿನ್ ದೋಣಿಯ ಹಲಗೆಗಳನ್ನು ಮಾತ್ರ ಕೊಯ್ಯುತ್ತಿದ್ದ. ನಾನು ಸಂಜೆ ಅಂಗಳದ ಪೀಠಕ್ಕೆ ಊದುಬತ್ತಿ ಹಚ್ಚುವಾಗ ಅವನ ಹೆಸರನ್ನೂ ಬಿಯೆನ್‌ನ ಹೆಸರನ್ನೂ ಒಟ್ಟಿಗೆ ಹೇಳುತ್ತಿದ್ದೆ. ಯಾವುದನ್ನು ಮೊದಲು ಹೇಳಬೇಕೆಂದು ದಿನವೂ ಗೊಂದಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬಿಯೆನ್‌ನ ದೋಣಿ ತಂಗಿಯ ಮನೆಯ ಮೆಟ್ಟಿಲಿಗೆ ಬಂದು ತಾಗಿತು. ನಾನೂ ಅಲ್ಲಿದ್ದೆ. ಗಿಟಾರು ಕೈಯಲ್ಲಿತ್ತು.

‘ದಂಡಿ ಹೊಸದು ಮಾಡು’ ಎಂದ.

ಥಿನ್ ಕೈಯಲ್ಲಿದ್ದ ಗರಗಸ ಇಳಿಸಿದ. ‘ಸಾ ದೆಕ್‌ನವನ ಹತ್ರ ಹೋಗು. ಅವನು ದಪ್ಪ ಹಲಗೆ ಅಂಟಿಸಿ ತೋಡ್ತಾನೆ. ಅದೇ ಸರಿಯಾದ ಕೆಲಸ. ಇಷ್ಟು ವರ್ಷ ಅವನನ್ನ ಹೇಡಿ ಅಂತಿದ್ದೆ.’

‘ಅವನು ನನಗೇನೂ ಮಾಡಿಲ್ಲವಲ್ಲ. ಅವನ ಹತ್ರ ಯಾಕೆ ಹೋಗಲಿ?’ ಎಂದ ಬಿಯೆನ್. ‘ನೀನು ಕೆಡಿಸಿದ್ದು. ನೀನು ಮಾಡು. ನಾನು ಇಲ್ಲೇ ಕೂತು ನೋಡ್ತೀನಿ.’

ಅಂದಿನಿಂದ ಬಿಯೆನ್ ದೋಣಿಯ ಕಾಯಿ ಇಳಿಸಿದ ಮೇಲೆ ದಿನವೂ ಬಂದು ಮರದ ದಿಮ್ಮಿಯ ಮೇಲೆ ಕುಳಿತ. ಥಿನ್ ಹೊಸ ದಂಡಿ ಕೆತ್ತಿದ, ಮೇಲೆ ದಪ್ಪ ಹಲಗೆ ಅಂಟಿಸಿದ, ಮೆಟ್ಟುಗಳನ್ನು ಕೂರಿಸಿದ. ಬಿಯೆನ್‌ನ ಕಣ್ಣು ಅವನ ಕೈಮೇಲಿಂದ ಕದಲುತ್ತಿರಲಿಲ್ಲ. ದಿಯೆಪ್ ಇಬ್ಬರಿಗೂ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಗುಳಿಗಳ ಸರದಿ ಬಂತು. ಜನ್ಮದಲ್ಲಿ ಯಾರನ್ನೂ ಕೇಳಿ ತೋಡದ ಥಿನ್ ಒಂದೊಂದು ಗುಳಿಗೂ ಅರ ನಿಲ್ಲಿಸಿ ದಂಡಿಯನ್ನು ಆ ಕಡೆ ತಿರುಗಿಸಿ ಹಿಡಿಯುತ್ತಿದ್ದ.

‘ಸಾಕಾ?’

ಬಿಯೆನ್ ಬೆರಳು ಇಳಿಸಿ ನೋಡುವನು. ‘ಇನ್ನೊಂಚೂರು.’

ಮತ್ತೆ ಅರ. ‘ಈಗ?’

‘ಸಾಕು.’

ಐದನೆಯ ಗುಳಿಯ ದಿನ ನಾನು ಕಡುಬು ತೆಗೆದುಕೊಂಡು ಹೋಗಿದ್ದೆ. ಥಿನ್‌ನ ಹಣೆಯಿಂದ ಬೆವರು ಮರದ ಮೇಲೆ ಬೀಳುತ್ತಿತ್ತು. ಮುಂಗೈಯಿಂದ ಒರೆಸಿಕೊಂಡು ಮತ್ತೆ ಹೆರೆಯುತ್ತಿದ್ದ. ಸಾಧಾರಣ ಆಳಕ್ಕೆ ಬರುವ ಎಷ್ಟೋ ಮೊದಲೇ ಕೈ ನಿಲ್ಲಿಸಿದ.

‘ಸಾಕಾ?’ ಎಂದ.

ಬಿಯೆನ್ ಬೆರಳು ಇಟ್ಟ. ಒತ್ತಿದ. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದ.

‘ಈಗ ಹೇಳೋದಕ್ಕಾಗೋದಿಲ್ಲ’ ಎಂದ. ‘ತಂತಿ ಹಾಕಿದ ಮೇಲೆ ನೋಡ್ತೀನಿ.’

ಥಿನ್ ತಲೆಯಾಡಿಸಿ ಆರನೆಯ ಗುಳಿಗೆ ಅರ ಇಟ್ಟ.